ಬಲಗಡೆಯ ಕೊಳಲು

ಬೆಳಗ್ಗೆ ಎದ್ದ ಕೂಡಲೇ ಹಾಡು ಹಾಕುವುದು ಜನಾರ್ದನ ಮಾಸ್ಟ್ರ ಮನೆಯಲ್ಲಿ ಒಲೆ ಹಚ್ಚುವಷ್ಟೇ ಹಳೆಯ ಅಭ್ಯಾಸ. ಮೊದಲು ರೇಡಿಯೋ ಇತ್ತು, ಆಮೇಲೆ ಟೇಪ್ ರೆಕಾರ್ಡರ್ ಬಂತು, ಈಗ ಮೊಬೈಲಿಗೆ ಹೊಂದಿಸುವ ಸ್ಪೀಕರು. ಅವರು ಪಾಲಿಬೆಟ್ಟದ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದವರು. ಎಸ್ಟೇಟ್ ಲೈನಿನ ಕೂಲಿಗಳ ಮಕ್ಕಳನ್ನೂ ಲೆಕ್ಕ ಬರೆಯುವ ರೈಟರ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಭಾವಗೀತೆ ಕಲಿಸಿದವರು. ನಿವೃತ್ತರಾಗಿ ಗೋಣಿಕೊಪ್ಪಲಿಗೆ, ಮಗ ವಿವೇಕನ ಮನೆಗೆ ಬಂದಾಗ ಹಾಡೂ ಅವರ ಜೊತೆಗೇ ಬಂತು.

ಅವರ ಹೆಂಡತಿ ಗೋಮತಿಗೆ ರಾಗ ತಾಳ ಅಂದರೆ ಅಷ್ಟಕ್ಕಷ್ಟೆ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿದ್ದದ್ದು ಗಂಡನ ಮುಖ ನೋಡಿ. ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರೆ ಚೆನ್ನಾಗಿದೆ, ಹುಬ್ಬು ಗಂಟಿಕ್ಕಿದರೆ ಯಾರೋ ಎಲ್ಲೋ ತಪ್ಪಿದ್ದಾರೆ. ಮದುವೆಯಾದ ಹೊಸದರಲ್ಲಿ ಅವರು ತಂದಿದ್ದ ನೀಲಿ ಕವರಿನ ಒಂದು ಕ್ಯಾಸೆಟ್ಟನ್ನು ಮಾತ್ರ ಅವಳು ಅಡಿಗೆಮನೆಯಲ್ಲಿದ್ದೇ ಗುರುತಿಸುತ್ತಿದ್ದಳು. ಅದರ ಮೂರನೆಯ ಹಾಡಿನಲ್ಲಿ ಹಾಡುವವಳು ಸುಮ್ಮನಾಗಿ ಮೆಲ್ಲಗಿನ ವೀಣೆಯ ಜೊತೆ ಕೊಳಲೊಂದೇ ಉಳಿಯುವ ಜಾಗ ಬರುತ್ತದೆ. ಆಗ ಯಾರಾದರೂ ಬಾಯಿ ತೆರೆದರೆ ಮಾಸ್ಟ್ರು ಕೈ ಎತ್ತಿ ತಡೆಯುತ್ತಿದ್ದರು.

“ಮನೆಗೆ ಬೆಂಕಿ ಬಿದ್ದಿದೆ ಅಂತ ಹೇಳೋಕೆ ಬಂದ್ರೂ ಆ ಕೊಳಲು ಮುಗಿಯೋ ತನಕ ಕಾಯಬೇಕು” ಎಂದು ಗೋಮತಿ ನಗುತ್ತಿದ್ದಳು.

ಆ ವರ್ಷ ಜನವರಿಯಲ್ಲಿ ಮನೆಯಲ್ಲಿ ಯಾರಿಗೂ ನಗಲು ಪುರುಸೊತ್ತಿರಲಿಲ್ಲ. ಮೊಮ್ಮಗಳು ಇಂಚರಾ ಎರಡನೇ ಪಿಯುಸಿ. ವಿವೇಕ್ ಅದೇ ಊರಿನ ಕಾಲೇಜಿನಲ್ಲಿ ಲೆಕ್ಚರರ್. ಮಗಳ ಅಂಕ ಕಡಿಮೆಯಾದರೆ ಸ್ಟಾಫ್ ರೂಮಿನಲ್ಲಿ ತಲೆ ಎತ್ತುವುದು ಹೇಗೆ ಎಂಬ ಚಿಂತೆ ಅವನಿಗೆ. ಸೊಸೆ ತನ್ಮಯೀ ಪಂಚಾಯಿತಿ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಮಗಳ ಕೋಣೆಗೆ ಇಣುಕುತ್ತಿದ್ದಳು. ಹೊರಗಿನ ಹಾಲ್‌ನಲ್ಲಿ ಮಾವನ ಸ್ಪೀಕರು.

“ಅತ್ತೆ, ಮಾವನಿಗೆ ನೀವೇ ಹೇಳಿ. ಅವಳಿಗೆ ಒಂದಕ್ಷರ ತಲೆಗೆ ಹತ್ತುತ್ತಾ ಇಲ್ಲ.”

“ನಾನು ಹೇಳಿದ್ರೆ ಕೇಳ್ತಾರಾ? ಎರಡು ಪಾಯಿಂಟ್ ಕಡಿಮೆ ಮಾಡ್ತಾರೆ, ಮುಖ ಒಂದು ಮೊಳ ಉದ್ದ ಮಾಡ್ತಾರೆ.”

“ಅಜ್ಜನ ಹಾಡಿದ್ರೂ ನಾನು ಓದ್ತೀನಮ್ಮ” ಎಂದು ಒಳಗಿನಿಂದ ಇಂಚರಾ ಕೂಗಿದಳು.

“ನೀನು ಪುಸ್ತಕ ನೋಡು. ಇಲ್ಲಿನ ಮಾತಿಗೆಲ್ಲ ಕಿವಿ ಕೊಡಬೇಡ.”

ವಿವೇಕ್ ಅದಕ್ಕೊಂದು ಉಪಾಯ ಹುಡುಕಿದ. ಮೈಸೂರಿಗೆ ಹೋದವನು ದೊಡ್ಡ ಹೆಡ್‌ಫೋನ್ ಒಂದನ್ನು ತಂದು ಅಪ್ಪನ ಮುಂದಿಟ್ಟ. ಮಾಸ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮನೆಯವರಿಗೆ ತನ್ನ ಹಾಡು ಬೇಡವಾಗಿದೆ ಎಂಬುದು ಅವರಿಗೆ ಅರ್ಥವಾಗದೆ ಇರಲಿಲ್ಲ.

“ಬಾಯಿಗೆ ಬಟ್ಟೆ ಕಟ್ಟೋ ಬದಲು ಕಿವಿಗೆ ಕಟ್ತಿದ್ದೀಯಾ?” ಎಂದರು.

“ಹಾಗಲ್ಲಪ್ಪ. ನಿಮ್ಮ ನೀಲಿ ಕ್ಯಾಸೆಟ್ ಇದೆಯಲ್ಲ, ಅದನ್ನ ಕಂಪನಿಯವರು ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ಹಳೇ ಟೇಪುಗಳನ್ನ ತೆಗೆದು ಒಂದೊಂದು ವಾದ್ಯವನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟಿದ್ದಾರೆ. ಸುತ್ತಲೂ ಕೇಳಿಸ್ತದೆ. ಒಂದು ಸಲ ಹಾಕಿ ನೋಡಿ, ಆಮೇಲೆ ಬೈರಿ.”

ಮಾಸ್ಟ್ರು ಹಾಕಿಕೊಂಡರು. ಗೋಮತಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದವಳು ಬಾಗಿಲಿಗೆ ಬಂದು ನಿಂತು ಅವರ ಮುಖ ನೋಡಿದಳು. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಅವರು ಥಟ್ಟನೆ ಬಲಗಡೆಗೆ ತಿರುಗಿ, ಹಿಂದೆ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ನೋಡಿದರು. ಮತ್ತೆ ಎಡಕ್ಕೆ. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ತವೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬರುವ ತನಕ ಗೋಮತಿ ಅಲ್ಲೇ ನಿಂತಿದ್ದಳು.

ಊಟಕ್ಕೆ ಕೂತಾಗ ಅವರಿಗೆ ಅದೇ ಮಾತು. “ಇಷ್ಟು ವರ್ಷ ನಾನು ಆ ಹಾಡನ್ನ ಕಿಟಕಿಯಿಂದ ನೋಡ್ತಿದ್ದೆ ಕಣೋ. ಈಗ ಬಾಗಿಲು ತೆಗೆದು ಒಳಗೆ ಕರೆದು ಕೂರಿಸಿದ್ದಾರೆ. ವೀಣೆಯವನು ಎಡಗಡೆ, ಇಷ್ಟು ಹತ್ತಿರ. ಕೊಳಲಿನವನು ಬಲಗಡೆ, ಸ್ವಲ್ಪ ಹಿಂದೆ. ಅವನು ಉಸಿರು ಎಳೆದುಕೊಳ್ಳೋದು ಕೇಳಿಸ್ತದೆ. ಗೋಮತಿ, ಉಸಿರು!”

“ಸಾರು ಆರ್ತಿದೆ, ಊಟ ಮಾಡಿ” ಎಂದಳು ಗೋಮತಿ. ಆದರೆ ಅವಳಿಗೂ ಸಂತೋಷವಾಗಿತ್ತು.

ಮಾರನೇ ದಿನ ಮಧ್ಯಾಹ್ನ ಪಾತ್ರೆ ಮುಗಿಸಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಾಗ ಮಾಸ್ಟ್ರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಅವಳ ತಲೆಗೆ ಹಾಕಿದರು. ಕೊಳಲು ಶುರುವಾದಾಗ ಅವಳು ಎದ್ದೇ ಬಿಟ್ಟಳು. “ಹಿತ್ತಲಲ್ಲಿ ಯಾರೋ ಬಂದ್ರು ನೋಡಿ!”

ಮಾಸ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಊಟವಾದ ಮೇಲೆ ಸ್ವಲ್ಪ ಹೊತ್ತು ಅವರು, ಸ್ವಲ್ಪ ಹೊತ್ತು ಅವಳು. ಅವಳಿಗೆ ರಾಗದ ಹೆಸರು ಬೇಕಾಗಿರಲಿಲ್ಲ. ಯಾರು ಎಲ್ಲಿ ಕೂತಿದ್ದಾರೆ ಎಂದು ಬೆರಳು ಮಾಡಿ ತೋರಿಸಿದರೆ ಸಾಕು, ಅವರು “ಹೌದು, ಹೌದು” ಎನ್ನುತ್ತಿದ್ದರು. ಸಂಸಾರ ಹೂಡಿದಂದಿನಿಂದ ಗಂಡನ ಹಾಡಿನ ಹೊರಗೇ ನಿಂತಿದ್ದ ಗೋಮತಿಗೆ ಆ ಕೆಲವು ಮಧ್ಯಾಹ್ನಗಳು ಹಬ್ಬದಂತಿದ್ದವು.

ಅದು ಹಾಳಾದದ್ದು ಕುಕ್ಕರಿನ ದೆಸೆಯಿಂದ. ಫೆಬ್ರವರಿ ಶುರುವಿನಲ್ಲಿ ಒಂದು ದಿನ ಗೋಮತಿ ಬೇಳೆ ಬೇಯಲು ಇಟ್ಟು, ಪಕ್ಕದ ಮನೆಯ ಬೊಳ್ಳಮ್ಮನಿಗೆ ಜ್ವರ ಎಂದು ಗಂಜಿ ಕೊಡಲು ಹೊರಟಳು. “ಮೂರು ಕೂಗಿದ ಮೇಲೆ ಆರಿಸಿ” ಎಂದು ಗಂಡನಿಗೆ ಹೇಳಿದಳು. ಅವರು ತಲೆಯಾಡಿಸಿದರು. ಅವಳು ಬರುವಷ್ಟರಲ್ಲಿ ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿ, ಬೇಳೆ ಸೂರಿಗೆ ಸಿಡಿದು, ಅಡಿಗೆಮನೆಯೆಲ್ಲ ಹೊಗೆ. ಓದುತ್ತಿದ್ದ ಇಂಚರಾ ಓಡಿ ಬಂದು ಗ್ಯಾಸ್ ಆರಿಸಿದ್ದಳು. ಅವಳ ಮುಂಗೈ ಮೇಲೆ ಬಿಸಿ ನೀರು ಹಾರಿ ಕೆಂಪಾಗಿತ್ತು. ಹಾಲ್‌ನಲ್ಲಿ ಮಾಸ್ಟ್ರು ಕಣ್ಣು ಮುಚ್ಚಿ ಕೂತಿದ್ದರು.

ಸಂಜೆ ವಿವೇಕ್ ಬಂದವನು ಮಗಳ ಕೈ ನೋಡಿ ಕೆಂಡವಾದ.

“ಮುಖಕ್ಕೆ ಬಿದ್ದಿದ್ರೆ ಏನಪ್ಪಾ ಗತಿ? ಪರೀಕ್ಷೆ ಹತ್ತಿರ ಇದೆ ಅಂತನಾದ್ರೂ ನೆನಪಿದೆಯಾ ನಿಮಗೆ?”

“ಕೇಳಿಸಲಿಲ್ಲ ಕಣೋ.”

“ಹೇಗೆ ಕೇಳಿಸ್ತದೆ? ಮೂರು ಹೊತ್ತೂ ಅದನ್ನ ಕಿವಿಗೆ ಮೆತ್ತಿಕೊಂಡು ಕೂತಿದ್ರೆ! ತಂದುಕೊಟ್ಟದ್ದೇ ನನ್ನ ತಪ್ಪು.”

“ಬಿಡಿ, ದೊಡ್ಡದೇನೂ ಆಗಲಿಲ್ಲ” ಎಂದಳು ತನ್ಮಯೀ, ಮಗಳ ಕೈಗೆ ಮುಲಾಮು ಹಚ್ಚುತ್ತಾ.

ಅಲ್ಲಿಗೆ ಮುಗಿಯುತ್ತಿತ್ತು. ಗೋಮತಿ ಸ್ಟೂಲಿನ ಮೇಲೆ ನಿಂತು ಸೂರಿಗಂಟಿದ ಬೇಳೆ ಕೆರೆಯುತ್ತಿದ್ದಳು. ಸೊಂಟ ನೋಯುತ್ತಿತ್ತು. ಅಲ್ಲಿಂದಲೇ ಹೇಳಿದಳು: “ಇವರಿಗೆ ಯಾವತ್ತು ಕೇಳಿಸಿತ್ತು? ಹೆಂಡತಿ, ಮಕ್ಕಳು, ಮನೆ ಯಾವುದೂ ಇವರಿಗೆ ಬೇಕಾಗಿರಲಿಲ್ಲ. ಅನ್ನ ಬೇಯಿಸಿ ಹಾಕೋಕೆ ನಾನೊಬ್ಬಳು, ಕೇಳೋಕೆ ಆ ಹಾಡು. ನಾನು ಸತ್ತು ಬಿದ್ದಿದ್ರೂ ಕೊಳಲು ಮುಗಿದ ಮೇಲೇ ಎದ್ದು ಬರ್ತಿದ್ರು.”

ಮಾಸ್ಟ್ರು ಹೆಡ್‌ಫೋನನ್ನು ಮಡಿಸಿ ಡಬ್ಬಿಯಲ್ಲಿಟ್ಟು, ಊಟ ಮಾಡದೆ ಮಲಗಲು ಹೋದರು.

ಮರುದಿನ ಬೆಳಗ್ಗೆ ಅವರು ಹಾಸಿಗೆಯಿಂದ ಎದ್ದವರು ಗೋಡೆ ಹಿಡಿದು ನಿಂತರು. ತಲೆ ಗಿರ್‍ರನೆ ತಿರುಗುತ್ತಿದೆ ಎಂದರು. ಒಂದೆರಡು ಸಲ ವಾಂತಿಯಾಯಿತು.

“ಹೊಟ್ಟೆಗಿಲ್ಲದೆ ಮಲಗಿದ್ರೆ ಇನ್ನೇನಾಗ್ತದೆ? ಪಿತ್ತ ಏರಿದೆ” ಎಂದು ಗೋಮತಿ ಶುಂಠಿ ಕಷಾಯ ಮಾಡಿದಳು.

“ಕಿವಿಯೂ ಮುಚ್ಚಿಕೊಂಡ ಹಾಗಿದೆ. ನೀರು ತುಂಬಿದ ಹಾಗೆ.”

ಅವಳು ಬೆಳ್ಳುಳ್ಳಿ ಹಾಕಿ ಕೊಬ್ಬರಿಎಣ್ಣೆ ಕಾಯಿಸಿ, ಆರಿಸಿ, ಬಲಗಿವಿಗೆ ನಾಲ್ಕು ಹನಿ ಬಿಟ್ಟು ಹತ್ತಿ ಇಟ್ಟಳು. ಕೈ ತನ್ನ ಕೆಲಸ ಮಾಡಿತು, ಬಾಯಿ ಮಾತ್ರ ಬಿಗಿದುಕೊಂಡಿತ್ತು. ಎರಡು ದಿನಕ್ಕೆ ತಲೆ ಸುತ್ತು ಕಡಿಮೆಯಾಯಿತು. ವಿವೇಕ್ ಕಾಲೇಜಿಗೆ ಹೊರಡುತ್ತಾ ಬಾಗಿಲಲ್ಲೇ ನಿಂತು ಕೇಳಿದ: “ಡಾಕ್ಟ್ರ ಹತ್ತಿರ ಹೋಗೋದಾಪ್ಪ?”

“ಬೇಡ, ಸರಿಹೋಯ್ತು.”

“ಕಿವಿ?”

“ಅದೂ ಸರಿಹೋಯ್ತು.”

ವಿವೇಕನಿಗೆ ಅಷ್ಟು ಸಾಕಾಗಿತ್ತು.

ಆ ವಾರವೇ ಒಂದು ಮಧ್ಯಾಹ್ನ ಗೋಮತಿಯ ಮನಸ್ಸು ಕರಗಿತು. ಮಾಸ್ಟ್ರು ಗೋಡೆ ಕಡೆ ಮುಖ ಮಾಡಿ, ಎಡಮಗ್ಗುಲಾಗಿ ಮಲಗಿದ್ದರು. ಅವಳು ಯಾವತ್ತಿನ ಹಾಗೆ ಅವರ ಬಲಕ್ಕೆ ಬಂದು ಒರಗಿಕೊಂಡು ಅವರ ಬೆನ್ನಿಗೆ ಹೇಳಿದಳು: “ಅಷ್ಟೆಲ್ಲ ಅನ್ನಬಾರದಿತ್ತು ನಾನು. ಮಗು ಕೈ ನೋಡಿ ತಲೆ ಕೆಟ್ಟುಹೋಗಿತ್ತು. ತಪ್ಪಾಯ್ತು ರೀ.”

ಅವರು ಅಲುಗಾಡಲಿಲ್ಲ. ನಿದ್ದೆಯೇನೂ ಬಂದಿರಲಿಲ್ಲ, ಕಾಲಿನ ಹೆಬ್ಬೆರಳು ಆಡುತ್ತಿತ್ತು.

“ನಾಳೆ ಊಟ ಆದ್ಮೇಲೆ ಹಾಡು ಹಾಕಿ. ನಾನೂ ಕೇಳ್ತೀನಿ.”

ಹೆಬ್ಬೆರಳು ಆಡುತ್ತಲೇ ಇತ್ತು. ಗೋಮತಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಹೋಗಿ ಮಾಡಲು ಕೆಲಸವಿಲ್ಲದಿದ್ದರೂ ಅಡಿಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದಳು. ಇಷ್ಟು ವಯಸ್ಸಾದ ಮೇಲೆ ಬಾಯಿಬಿಟ್ಟು ತಪ್ಪಾಯ್ತು ಅಂದರೂ ತಿರುಗಿ ನೋಡದ ಗಂಡಸಿನ ಹತ್ತಿರ ಇನ್ನು ಮಾತಾಡುವುದೇನಿದೆ ಎಂದು ಅವಳಿಗೆ ಅನ್ನಿಸಿತು.

ಅಂದಿನಿಂದ ಮಾತು ಇಂಚರಾಳ ಮೂಲಕ. “ಅಜ್ಜನಿಗೆ ಊಟಕ್ಕೆ ಬರೋಕೆ ಹೇಳು.” “ಅಜ್ಜನಿಗೆ ಮಾತ್ರೆ ಆಯ್ತಾ ಕೇಳು.” ಮಾಸ್ಟ್ರೂ ಹೆಚ್ಚು ಮಾತಾಡುತ್ತಿರಲಿಲ್ಲ. ತಟ್ಟೆಯ ಮೇಲೆ ಬಗ್ಗಿ ಉಂಡು, ತಟ್ಟೆ ತೊಳೆದಿಟ್ಟು ಎದ್ದು ಹೋಗುತ್ತಿದ್ದರು. ಸಾರು ಬೇಕಾ ಎಂದು ತನ್ಮಯೀ ಕೇಳಿದರೆ ಒಮ್ಮೊಮ್ಮೆ ಉತ್ತರ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ.

“ಮಾವನಿಗೆ ನನ್ನ ಮೇಲೂ ಕೋಪ ಇದೆ ಅನ್ನಿಸ್ತದೆ ಅತ್ತೆ” ಎಂದಳು ಅವಳು, ಒಂದು ಸಂಜೆ ಬೀನ್ಸ್ ಬಿಡಿಸುತ್ತಾ.

“ಇರಲಿ ಬಿಡು. ಎಷ್ಟು ದಿನ ಇರ್ತದೆ ನೋಡೋಣ.”

ಶಿವರಾತ್ರಿ ಕಳೆದ ಮೇಲೆ ಮಾಸ್ಟ್ರು ಹೆಡ್‌ಫೋನನ್ನು ಮತ್ತೆ ಹೊರಗೆ ತೆಗೆದರು. ಹಾಕಿಕೊಂಡರು, ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮಗ ಬಂದ ಕೂಡಲೇ ಅವನ ಕೈಗಿಟ್ಟರು.

“ಒಂದು ಕಡೆ ಕೆಟ್ಟಿದೆ ಇದು. ಬಲಗಡೆಯ ಕೊಳಲು ಇಲ್ಲ. ಎಲ್ಲೋ ಪಕ್ಕದ ಮನೆಯಲ್ಲಿ ಊದಿದ ಹಾಗೆ ಬರ್ತದೆ.”

ವಿವೇಕ್ ನಿಂತಲ್ಲೇ ಕಿವಿಗಿಟ್ಟು ನೋಡಿದ. “ಎರಡೂ ಕಡೆ ಚೆನ್ನಾಗೇ ಬರ್ತಿದೆಯಲ್ಲ!”

“ಸರಿಯಾಗಿ ನೋಡು.”

“ನೋಡಿದೆ ಅಪ್ಪ, ಸರಿ ಇದೆ. ಬೈದೆ ಅಂತ ಈಗ ಇದರ ಮೇಲೆ ತಪ್ಪು ಹುಡುಕಬೇಡಿ. ನನಗೆ ನಾಳೆ ಪರೀಕ್ಷೆ ಡ್ಯೂಟಿ ಇದೆ.”

ಮಾಸ್ಟ್ರು ಮಗನ ಮುಖವನ್ನೇ ಒಂದು ಗಳಿಗೆ ನೋಡಿದರು. “ಹೌದಾ? ಸರಿ ಇರಬೇಕು ಹಾಗಾದ್ರೆ” ಎಂದು ಅದನ್ನು ವಾಪಸು ತೆಗೆದುಕೊಂಡರು. ಅದನ್ನು ಮತ್ತೆ ಕಿವಿಗಿಡದೆ ಡಬ್ಬಿಗೆ ಹಾಕಿ ಮುಚ್ಚಿದ್ದನ್ನು ಗೋಮತಿ ಕಂಡಳು. ಕೋಪಕ್ಕೆ ಇರಬೇಕು ಎಂದುಕೊಂಡಳು.

ಮಾರ್ಚ್‌ನಲ್ಲಿ ತೋಟಗಳೆಲ್ಲ ಕಾಫಿ ಹೂವಾಗಿ ಊರಿಗೆ ಊರೇ ಘಮಘಮ ಎನ್ನುತ್ತಿದ್ದಾಗ ಇಂಚರಾಳ ಪರೀಕ್ಷೆ ಮುಗಿಯಿತು. ಜ್ವರ ಬಿಟ್ಟು ಚೇತರಿಸಿಕೊಂಡಿದ್ದ ಬೊಳ್ಳಮ್ಮ ಬಿಟ್ಟಂಗಾಲದ ತವರಿನಿಂದ ಕಾಡುಮಾವು ತಂದು ಕೊಡಲು ಬಂದಳು.

“ಎಂಥ ಗೋಮತಕ್ಕ, ನಿಮ್ಮ ಮಾಸ್ಟ್ರಿಗೆ ನಮ್ಮ ಮೇಲೆ ಕೋಪವಾ? ಮೊನ್ನೆ ಪೇಟೆಯಲ್ಲಿ ಜೀಪಿಂದ ಅಷ್ಟು ಕೂಗಿದೆ. ತಿರುಗಿ ಸಹ ನೋಡ್ಲಿಲ್ಲ. ಹಾರ್ನ್ ಹಾಕಿದ್ರೂ ರೋಡು ಬಿಡ್ಲಿಲ್ಲ.”

“ಅವರಿಗೆ ಈಗ ಯಾರೂ ಬೇಡ ಬೊಳ್ಳಮ್ಮ” ಎಂದಳು ಗೋಮತಿ.

ಆ ಮಧ್ಯಾಹ್ನ ಅವಳು ಹಾಲ್‌ನಲ್ಲಿ ನೆಲಕ್ಕೆ ಕೂತು ಮಾವಿನ ಸಿಪ್ಪೆ ಸುಲಿಯುತ್ತಿದ್ದಳು. ಇಂಚರಾ ಅಜ್ಜನ ಕುರ್ಚಿಯ ಕೈಮೇಲೆ ಕೂತು ಹೆಡ್‌ಫೋನ್ ತಲೆಗೇರಿಸಿದ್ದಳು. ಪರೀಕ್ಷೆ ಮುಗಿದ ಹುಡುಗಿಗೆ ಜಗತ್ತೆಲ್ಲ ಚೆನ್ನಾಗಿ ಕಾಣುವ ಕಾಲ.

“ಅಬ್ಬಾ ಅಜ್ಜ, ಏನು ಚೆನ್ನಾಗಿದೆ! ಕೊಳಲು ನೋಡಿ, ಇಲ್ಲೇ ಬೆನ್ನ ಹಿಂದೆ.”

“ನಿನಗೆ ಬರ್ತಿದೆಯಾ?”

“ಜೋರಾಗಿ ಬರ್ತಿದೆ. ತಗೊಳ್ಳಿ, ಕೇಳಿ.” ಅವಳು ತೆಗೆದು ಅಜ್ಜನ ತಲೆಗೆ ಹಾಕಿದಳು. ಅವರು ಇಲ್ಲ ಎಂದು ತಲೆಯಾಡಿಸಿದರು. “ಇರಿ, ತಿರುಗಿಸಿ ಹಾಕ್ತೀನಿ” ಎಂದು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮಾಡಿ ಹಾಕಿ, ಅದೇ ಜಾಗವನ್ನು ಮತ್ತೆ ನುಡಿಸಿದಳು.

ಮಾಸ್ಟ್ರ ಮುಖ ಅರಳಿತು. “ಬಂತು! ಬಂತು ಕಣೇ. ಕೊಳಲು ಬಂತು.” ಆಮೇಲೆ ಅವರು ಎಡಕ್ಕೂ ಬಲಕ್ಕೂ ನೋಡಿದರು. “ವೀಣೆ ಎಲ್ಲಿ ಹೋಯ್ತು ಈಗ?”

ಇಂಚರಾ ಕಿಲಕಿಲ ನಕ್ಕಳು. “ನಿಮ್ಮದೊಳ್ಳೆ ಕಥೆ ಅಜ್ಜ! ಒಂದು ಬಂದ್ರೆ ಇನ್ನೊಂದಿಲ್ಲ!”

ಗೋಮತಿಯ ಕೈಯಲ್ಲಿದ್ದ ಚಾಕು ನಿಂತುಹೋಯಿತು. ಎದ್ದಳು. ಮಾವಿನ ರಸದ ಕೈಯಲ್ಲೇ ಹೆಡ್‌ಫೋನ್ ತೆಗೆದು ಇಂಚರಾಳ ತೊಡೆಗೆ ಹಾಕಿದಳು. ಗಂಡನ ಬಲಕ್ಕೆ, ಸ್ವಲ್ಪ ಹಿಂದೆ ನಿಂತು ಮೆಲ್ಲಗೆ “ರೀ” ಎಂದಳು. ಅವರು ಮೊಮ್ಮಗಳ ಕಡೆಗೇ ನೋಡುತ್ತಿದ್ದರು. “ರೀ, ಕಾಫಿ ಕುಡೀತೀರಾ?” ಎಂದಳು. ಉತ್ತರವಿಲ್ಲ. ಬಾಯಿ ಕಿವಿಯ ಹತ್ತಿರ ತಂದು, ಬದುಕಿನಲ್ಲಿ ಒಮ್ಮೆಯೂ ಕರೆಯದ ಹೆಸರು ಹಿಡಿದು ಕರೆದಳು: “ಜನಾರ್ದನ.”

ಇಂಚರಾಳ ನಗು ನಿಂತಿತು. ಅಜ್ಜ ತಿರುಗಲಿಲ್ಲ.

ಗೋಮತಿ ಸುತ್ತು ಬಂದು ಅವರ ಎದುರಿಗೆ ಕುಕ್ಕರಿಸಿ ಕೂತು, ಎರಡು ಮೊಣಕಾಲನ್ನೂ ಹಿಡಿದುಕೊಂಡಳು. “ಈ ಕಿವಿ ಕೇಳಿಸ್ತಾ ಇಲ್ವಾ ನಿಮಗೆ? ಯಾವಾಗಿಂದ?”

ಮಾಸ್ಟ್ರು ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ನೆಲ ನೋಡಿದರು.

ಮಾರನೇ ದಿನವೇ ವಿವೇಕ್ ಕಾರು ಮಾಡಿ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋದ. ಕಿವಿಯ ಡಾಕ್ಟರು ಒಬ್ಬ ಹೆಂಗಸು, ಮೆತ್ತಗಿನ ದನಿಯವರು.

“ಯಾವಾಗಿಂದ ಹೀಗೆ?”

“ಮೊನ್ನೆ ಮೊನ್ನೆಯಿಂದ ಅಷ್ಟೆ. ಒಂದು ವಾರ ಆಗಿರಬಹುದು” ಎಂದರು ಮಾಸ್ಟ್ರು.

ಗೋಮತಿ ಅವರನ್ನು ನೋಡಿದಳು, ಮಗನನ್ನು ನೋಡಿದಳು. ಗಂಡ ಯಾರಿಗಾಗಿ ಸುಳ್ಳು ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಆದರೂ ಹೇಳಿದಳು: “ಅಲ್ಲ ಡಾಕ್ಟ್ರೇ. ಶಿವರಾತ್ರಿಗೂ ಮೊದಲೇ ಶುರುವಾದದ್ದು. ಮನೆಯಲ್ಲಿ ಜಗಳ ಆಗಿತ್ತು. ಮಾರನೇ ಬೆಳಗ್ಗೆ ತಲೆ ಸುತ್ತಿ ವಾಂತಿ ಮಾಡಿದ್ರು, ಕಿವಿ ಮುಚ್ಚಿದೆ ಅಂದ್ರು. ನಾನು ಎಣ್ಣೆ ಬಿಟ್ಟೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಶಿವರಾತ್ರಿಗೆ ಮೊದಲೇ?”

ಪರೀಕ್ಷೆಗೆ ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಬಂದಾಗ ಒತ್ತಬೇಕು. ಎಡಗಿವಿಯ ಸರದಿಯಲ್ಲಿ ಮಾಸ್ಟ್ರು ಚುರುಕಾಗಿ ಒತ್ತಿದರು. ಬಲಗಿವಿಯ ಸರದಿ ಬಂತು. ಗಾಜಿನಾಚೆ ಅವರು ಮುಖವನ್ನು ಸ್ವಲ್ಪ ಮುಂದೆ ಚಾಚಿ, ಕಾಯುತ್ತಾ ಕೂತರು. ಬೆರಳು ಗುಂಡಿಯ ಮೇಲೇ ಇತ್ತು. ಬಹಳ ಹೊತ್ತಾದ ಮೇಲೆ ಒಮ್ಮೆ ಒತ್ತಿದರು. ಮತ್ತೊಮ್ಮೆ ಒತ್ತಿದರು.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆರೆದು ಹೇಳಿದಳು: “ಅಜ್ಜ, ಕೇಳಿಸಿದಾಗ ಮಾತ್ರ ಒತ್ತಿ. ಈಗ ನಾನು ಏನೂ ಹಾಕಿಲ್ಲ.”

ವಿವೇಕ್ ಹೊರಗೆ ಹೋಗಿ ನಿಂತ.

ಒಳಗಿವಿಯ ನರಕ್ಕೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಹೆಡ್‌ಫೋನಿನಿಂದ ಆದದ್ದಲ್ಲ, ಎಣ್ಣೆಯಿಂದಲೂ ಅಲ್ಲ. ಇದು ಯಾಕೆ ಬರುತ್ತದೆಂದು ಎಷ್ಟೋ ಸಲ ತಮಗೂ ತಿಳಿಯುವುದಿಲ್ಲ. “ಮೊದಲ ಒಂದೆರಡು ವಾರದಲ್ಲಿ ಬಂದಿದ್ರೆ ಔಷಧಿಗೆ ಹಿಡಿಯೋ ಸಾಧ್ಯತೆ ಇತ್ತು. ಈಗಲೂ ಕಿವಿಯೊಳಗೆ ಇಂಜೆಕ್ಷನ್ ಕೊಟ್ಟು ನೋಡೋಣ. ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ.”

ಬರುವಾಗ ತಿತಿಮತಿಯಲ್ಲಿ ಕಾರು ನಿಲ್ಲಿಸಿದರು. ಮಾಸ್ಟ್ರು ಕಾರಲ್ಲೇ ಕೂತಿದ್ದರು. ಟೀ ಅಂಗಡಿಯ ಮುಂದೆ ವಿವೇಕ್ ಲೋಟ ಹಿಡಿದು, ಕುಡಿಯದೆ ನಿಂತಿದ್ದ.

“ನನ್ನ ಕೈಗೇ ತಂದುಕೊಟ್ಟಿದ್ರಲ್ಲಮ್ಮ. ನನ್ನ ಕಿವಿಗಿಟ್ಟು ನೋಡಿ ಸರಿ ಇದೆ ಅಂದೆ. ಇದು ಸರಿ ಇದ್ರೆ ಅವರ ಕಿವಿಗೇ ಏನೋ ಆಗಿರಬೇಕಲ್ಲ ಅಂತ ಹೊಳೀಲೇ ಇಲ್ಲ. ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡ್ತೀನಿ ನಾನು.”

“ನೀನು ಒಂದು ದಿನ ನೋಡಿದವನು. ನಾನು ದಿನಾ ಪಕ್ಕದಲ್ಲಿ ಮಲಗುವವಳು” ಎಂದಳು ಗೋಮತಿ. ಅವನನ್ನು ಸಮಾಧಾನ ಮಾಡಲು ಅವಳಿಗೆ ಬೇರೆ ಮಾತು ಸಿಗಲಿಲ್ಲ.

ಕಾರು ಹೊರಟ ಮೇಲೆ ಅವಳು ಗಂಡನ ಎಡಕ್ಕೆ ಕೂತು ಕೇಳಿದಳು: “ಗೊತ್ತಾಗಿತ್ತಲ್ಲ ನಿಮಗೆ? ಯಾಕೆ ಹೇಳಲಿಲ್ಲ?”

“ಮೊದಲು ಎಣ್ಣೆಗೆ ಬಿಡ್ತದೆ ಅಂದ್ಕೊಂಡೆ. ಆಮೇಲೆ ಹೆಡ್‌ಫೋನ್ ಕೆಟ್ಟಿದೆ ಅಂದ್ಕೊಂಡೆ. ವಿವೇಕ ಸರಿ ಇದೆ ಅಂದ ದಿನ ಗೊತ್ತಾಯ್ತು. ಅವನು ತಂದುಕೊಟ್ಟದ್ದು. ಅದರಿಂದಲೇ ಕಿವಿ ಹೋಯ್ತು ಅಂತ ಅವನು ಕೊರಗಬಾರದು ಅಂತ ಸುಮ್ಮನಾದೆ.” ಅವಳ ಕಡೆ ತಿರುಗದೆ ಹೇಳಿದರು: “ನೀನಂತೂ ಮಾತೇ ಬಿಟ್ಟಿದ್ದೆ.”

“ನಾನು ತಪ್ಪಾಯ್ತು ಅಂದಿದ್ದೆ ರೀ. ಆ ವಾರವೇ. ನೀವು ಗೋಡೆ ಕಡೆ ಮುಖ ಮಾಡಿ ಮಲಗಿದ್ರಿ.”

ಮಾಸ್ಟ್ರು ತಿರುಗಿ ಅವಳನ್ನು ನೋಡಿದರು. “ಅಂದಿದ್ಯಾ?” ಎಂದರು. ಮುಂದಿನ ಸೀಟಿನಲ್ಲಿ ವಿವೇಕ್ ಕಿಟಕಿಯ ಗಾಜು ಇಳಿಸಿದ.

ಇಂಜೆಕ್ಷನ್ನಿಗೆ ಮತ್ತೂ ಕೆಲವು ಸಲ ಮೈಸೂರಿಗೆ ಹೋಗಿಬಂದರು. ಫಲವಾಗಲಿಲ್ಲ. ಮೇ ತಿಂಗಳಲ್ಲಿ ಡಾಕ್ಟರೇ ಇನ್ನು ಬರಬೇಕಾಗಿಲ್ಲ ಎಂದರು.

ಮನೆಯವರು ನಿಧಾನಕ್ಕೆ ಅವರ ಎಡಗಡೆಗೆ ಬಂದು ಮಾತಾಡಲು ಕಲಿತರು. ಆದರೆ ಒಂದು ಕಿವಿ ಹೋದರೆ ಅರ್ಧ ಹೋಯಿತು ಎಂದುಕೊಂಡಿದ್ದ ಗೋಮತಿಗೆ, ಹೋದದ್ದು ಬೇರೆ ಏನೋ ಎಂದು ದಿನ ಕಳೆದಂತೆ ತಿಳಿಯಿತು. ಗಂಡನಿಗೆ ದಿಕ್ಕೇ ಹೋಗಿತ್ತು. ಹಿತ್ತಲಿಂದ ಕರೆದರೆ ಮುಂಬಾಗಿಲಿಗೆ ಹೋಗಿ ಚಿಲಕ ತೆಗೆಯುತ್ತಿದ್ದರು. ಫೋನು ರಿಂಗಾದರೆ ಮನೆಯೆಲ್ಲ ಹುಡುಕುತ್ತಿದ್ದರು. ಅದು ಅವರ ಜೇಬಿನಲ್ಲೇ ಇರುತ್ತಿತ್ತು. ಪೇಟೆಗೆ ಒಬ್ಬರೇ ಹೋಗುವುದು ನಿಂತಿತು. ಹೆಡ್‌ಫೋನನ್ನು ಇಂಚರಾಗೆ ಕೊಟ್ಟರು. “ನನಗೆ ಎಲ್ಲಾ ಒಂದೇ ಮೂಲೆಯಲ್ಲಿ ರಾಶಿ ಬಿದ್ದ ಹಾಗೆ ಕೇಳಿಸ್ತದೆ, ಹಾಡಲ್ಲ ಅದು” ಎಂದರು.

ಒಂದು ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ತನ್ಮಯೀ ತಾನೇ ಸ್ಪೀಕರು ತಂದು ಮಾವನ ಎಡಕ್ಕಿಟ್ಟು ಹಾಡು ಹಾಕಿದಳು. ದನಿಯನ್ನೂ ಜೋರು ಮಾಡಿದಳು.

ಮಾಸ್ಟ್ರು ಒಂದು ನಿಮಿಷ ಕೇಳಿ, ಕೈ ನೀಡಿ ನಿಲ್ಲಿಸಿದರು. “ಬೇಡ ಬಿಡಮ್ಮ. ನಿನಗೆ ಹೊತ್ತಾಗ್ತದೆ.”

ಅಡಿಗೆಮನೆಗೆ ಬಂದ ತನ್ಮಯೀ ಬುತ್ತಿ ಡಬ್ಬಿಯ ಮುಚ್ಚಳ ಹಾಕಲಾರದೆ ನಿಂತುಬಿಟ್ಟಳು. “ಮನೆ ಸುಮ್ಮನಿರಲಿ ಅಂತ ಹಟ ಹಿಡಿದವಳು ನಾನೇ ಅತ್ತೆ.” ಗೋಮತಿ ಡಬ್ಬಿ ಇಸಿದುಕೊಂಡು ಮುಚ್ಚಳ ಹಾಕಿ, ಅವಳ ಬ್ಯಾಗಿನಲ್ಲಿಟ್ಟಳು.

ಇಂಚರಾಗೆ ಒಳ್ಳೆಯ ಅಂಕ ಬಂತು. ಮೈಸೂರಿನಲ್ಲಿ ಬಿಎಸ್‌ಸಿಗೆ ಸೀ‌ಟೂ ಹಾಸ್ಟೆಲೂ ಸಿಕ್ಕಿದವು. ಹೊರಡುವ ದಿನ ವಿವೇಕ್ ಲಗೇಜಿನೊಂದಿಗೆ ಬಸ್ಸಿನಲ್ಲೇ ಜೊತೆಗೆ ಹೋಗುವುದೆಂದಾಯಿತು. ಅಜ್ಜ ಅಜ್ಜಿ ಬಸ್‌ಸ್ಟ್ಯಾಂಡಿನ ತನಕ ಬಂದರು. ಜಿಟಿಜಿಟಿ ಹನಿ. ಕಾಲೇಜಿಗೆ ಹೊರಟ ಹುಡುಗರ ಗುಂಪು, ಕಂಡಕ್ಟರುಗಳ ಕೂಗು, ಸಾಲು ಜೀಪುಗಳು.

ಇಂಚರಾ ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಬಸ್ ಹತ್ತಿದಳು. ಆ ಹೊತ್ತಿಗೆ ಸರಿಯಾಗಿ ವಿರಾಜಪೇಟೆಯ ಬಸ್ಸೊಂದು ಬಂದು ಪಕ್ಕದಲ್ಲೇ ನಿಂತಿತು; ಜನ ನುಗ್ಗಿ ಮಾಸ್ಟ್ರನ್ನು ಪಕ್ಕಕ್ಕೆ ತಳ್ಳಿದರು. ಗೋಮತಿ ಛತ್ರಿ ಬಿಚ್ಚಲು ಒಂದು ಹೆಜ್ಜೆ ಹಿಂದಾದಳು. ಅಷ್ಟರಲ್ಲಿ ಮೈಸೂರು ಬಸ್ ಹೊರಟಿತು. ಇಂಚರಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: “ಅಜ್ಜಾ! ಅಜ್ಜಾ, ಇಲ್ಲಿ!”

ಮಾಸ್ಟ್ರು ತಿರುಗಿದರು, ಆದರೆ ಇನ್ನೊಂದು ಕಡೆಗೆ. ಕನ್ನಡಕದ ಮೇಲೆ ಹನಿ ಬಿದ್ದಿತ್ತು. ಅವರು ವಿರಾಜಪೇಟೆ ಬಸ್ಸಿನ ಕಿಟಕಿಗಳ ಕಡೆ ನೋಡುತ್ತಾ, ಮುಖ ತುಂಬಾ ನಗುತ್ತಾ, ಕೈ ಮೇಲೆತ್ತಿ ಬೀಸಿದರು. “ಹುಷಾರು ಕಂದಾ! ಹೊತ್ತಿಗೆ ಸರಿಯಾಗಿ ಊಟ ಮಾಡು!”

ಆ ಬಸ್ಸಿನ ಕಿಟಕಿಯಲ್ಲಿದ್ದ ಯಾರೋ ಹೆಂಗಸು ಅವರನ್ನು ನೋಡಿ ಗಲಿಬಿಲಿಗೊಂಡಳು.

“ಅಜ್ಜಾ!” ಇಂಚರಾಳ ದನಿ ಇನ್ನೊಮ್ಮೆ ಬಂತು. ಗೋಮತಿ ಜನರನ್ನು ತಳ್ಳಿಕೊಂಡು ಬಂದು ಗಂಡನ ಎರಡೂ ಭುಜ ಹಿಡಿದು ತಿರುಗಿಸಿದಳು. ಮೈಸೂರು ಬಸ್ ತಿರುವು ದಾಟಿತ್ತು. ಮಾಸ್ಟ್ರ ಕೈ ಇನ್ನೂ ಮೇಲೇ ಇತ್ತು. ಅವರು ಖಾಲಿ ರಸ್ತೆಯನ್ನು ನೋಡಿದರು, ಹಿಂದಿದ್ದ ಬಸ್ಸನ್ನು ನೋಡಿದರು, ಮೆಲ್ಲಗೆ ಕೈ ಇಳಿಸಿದರು.

ಇಬ್ಬರೂ ಅಂಗಡಿಯೊಂದರ ಸೂರಿನಡಿ ನಿಂತರು. ಸ್ವಲ್ಪ ಹೊತ್ತಿಗೆ ಗೋಮತಿಯ ಫೋನು ಬಡಿದುಕೊಂಡಿತು. ಆಚೆ ಕಡೆ ಇಂಚರಾ ಅಳುತ್ತಿದ್ದಳು.

“ಅಜ್ಜಿ, ಅಜ್ಜ ನನ್ನ ನೋಡಲೇ ಇಲ್ಲ.”

“ನೋಡಿದ್ರು ಮಗಾ. ಕೈ ಬೀಸಿದ್ರಲ್ಲ” ಎಂದಳು ಗೋಮತಿ. ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಾಸ್ಟ್ರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಕೈ ಚಾಚಿ ಫೋನು ತೆಗೆದುಕೊಂಡು ಎಡಗಿವಿಗೆ ಇಟ್ಟುಕೊಂಡರು.

“ಅಜ್ಜಿ ಸುಮ್ಮನೆ ಹೇಳ್ತಿದ್ದಾಳೆ, ಕಂದಾ. ನಾನು ನಿನ್ನನ್ನ ನೋಡಲಿಲ್ಲ” ಎಂದರು. “ನೀನು ಕರೆದದ್ದು ಕೇಳಿಸ್ತು. ಪ್ರತಿ ಸಲವೂ ಕೇಳಿಸ್ತು. ಎಲ್ಲಿಂದ ಕರೀತಿದ್ದೀಯ ಅಂತ ಮಾತ್ರ ಗೊತ್ತಾಗಲಿಲ್ಲ.”